ತೊಳೀಬಾರದ ಪ್ಯಾನೆಲ್ಲು

ಹೊಲಸು ಅಳತಿ ಮಾಡೋ ಕೆಲಸಕ್ಕ ಕೈ ಹಾಕಿದಾಗಿನಿಂದ ನನಗ ಒಂದಿಲ್ಲೊಂದು ಫಜೀತಿ ಕಾಯಂ ನೋಡ್ರಿ. ಒಂದು ಮುಗೀತು ಅಂತ ಉಸಿರು ಬಿಡೂದ್ರಾಗ ಇನ್ನೊಂದು ಬಂದು ಬಾಗಲಾ ಬಡೀತದ. ಆವಾಗ ಅಳು ಬಂದಿತ್ತು, ಈಗ ಹೇಳಾಕ ಕೂತ್ರ ನಗು ತಡಿಯಾಕ ಆಗಂಗಿಲ್ಲ.

ನಾನು ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಾಗ ಲ್ಯಾಬ್ ಇನ್‌ಸ್ಟ್ರಕ್ಟರ್. ಇಪ್ಪತ್ತೆರಡು ವರ್ಷ ಆತು. ಹುಡುಗರು ಸುಟ್ಟ ಫ್ಯೂಜು ಬದಲಿ ಮಾಡಿ ಮಾಡಿ ಕೂದಲು ಬೆಳ್ಳಗಾದ್ವು. ನನಗ ಮೂಗಿನ ತುದೀಗೆ ಸಿಟ್ಟು ಅಂತ ನಮ್ಮ ಮನಿಯವರು ಊರೆಲ್ಲಾ ಹೇಳ್ಯಾರ. ಶುದ್ಧ ಸುಳ್ಳು. ಸಿಟ್ಟು ಬರೂದು ಖರೇ, ಆದ್ರ ಅದರಾಗ ನನ್ನ ತಪ್ಪು ಏನೂ ಇರಂಗಿಲ್ಲ.

ನಮ್ಮ ಕಡೆ ಬಿಸಲಿಗೆ ಕಡಿಮಿ ಇಲ್ಲ, ಧೂಳಿಗೂ ಕಡಿಮಿ ಇಲ್ಲ. ಬಿಸಲು ಸೋಲಾರ್ ಪ್ಯಾನೆಲ್ಲಿಗೆ ಕರೆಂಟ್ ಕೊಡ್ತದ, ಧೂಳು ಬಂದು ಅದನ್ನ ಕಸಗೊಂತದ. ದಿನಾ ತೊಳೀಬೇಕಂದ್ರ ನೀರೆಲ್ಲಿಂದ ತರೋದು? ತೊಳೀದ ಬಿಟ್ರ ಕರೆಂಟ್ ಎಲ್ಲಿಂದ ಬರೋದು? ಅದಕ್ಕ ನನ್ನ ತಲ್ಯಾಗ ಒಂದು ವಿಚಾರ ಬಂತು. ಪ್ಯಾನೆಲ್ಲಿನ ಮ್ಯಾಲ ಒಂದು ಕ್ಯಾಮೆರಾ ಕಟ್ಟೋದು. ಅದು ದಿನಾ ಒಂದು ಫೋಟೋ ತಗೀತದ. ಕಂಪ್ಯೂಟರು ಅದನ್ನ ಸ್ವಚ್ಛ ಪ್ಯಾನೆಲ್ಲಿನ ಫೋಟೋ ಜೋಡಿ ಹೋಲಿಸಿ "ಇವತ್ತು ಹೊಲಸು ನೂರಕ್ಕ ಇಷ್ಟು" ಅಂತ ಹೇಳ್ತದ. ಹೆಚ್ಚಾದ್ರ ತೊಳೀರಿ, ಇಲ್ಲಂದ್ರ ನೀರು ಉಳಸ್ರಿ. ಇಷ್ಟ ವಿಚಾರ.

ಹೊಸಾ ಪ್ರಯೋಗಕ್ಕ ರೊಕ್ಕಾ ಕೊಡೋ ಒಂದು ಕಮಿಟಿಯವರಿಗೆ ಇದು ಮನಸ್ಸಿಗೆ ಬಂತು. ದೇವದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮಾಳಿಗಿ ಮ್ಯಾಲ ನಾಕು ಪ್ಯಾನೆಲ್ ಕೂಡಿಸಿ ಕೊಟ್ರು. ಆ ಪ್ಯಾನೆಲ್ಲಿನ ಮ್ಯಾಲ ಹಾಸ್ಟೆಲ್ಲಿನ ಬೋರಿನ ಪಂಪು ಓಡಾಕ ಹತ್ತಿತು. ಅದಕ್ಕಿಂತ ಮೊದಲು ಕರೆಂಟ್ ಹೋದ್ರ ಸಾಕು, ಹುಡುಗ್ಯಾರು ಪುಸ್ತಕ ಇಟ್ಟು ಕೊಡ ಹೊತ್ಕೊಂಡು ಓಣಿ ನಳಕ್ಕ ಹೋಗ್ತಿದ್ರು. ಆದ್ರ ಒಂದು ಕರಾರು ಇತ್ತು. ಐದು ತಿಂಗಳಾದ ಮ್ಯಾಲ ಕಮಿಟಿ ಬಂದು ನೋಡ್ತದ. ಕಂಪ್ಯೂಟರು ಹೇಳೋದು ಖರೇ ಅಂತ ತೋರಿಸಿದ್ರ ಪ್ಯಾನೆಲ್ ಅಲ್ಲೇ ಇರ್ತಾವ, ಬ್ಯಾರೆ ಹಾಸ್ಟೆಲ್ಲಿಗೂ ಬರ್ತಾವ. ತೋರಸಾಕ ಆಗಲಿಲ್ಲಂದ್ರ ಬಿಚ್ಚಿಕೊಂಡು ಹೋಗ್ತಾರ.

ಕಮಿಟಿಯ ಹಿರೇ ಸಾಹೇಬ್ರು ಮೊದಲನೇ ದಿನಾನ ನನಗ ಒಂದು ಪ್ರಶ್ನೆ ಕೇಳಿದ್ರು. "ಮೇಡಂ, ನಿಮ್ಮ ಕಂಪ್ಯೂಟರು ಹೊಲಸು ನಲವತ್ತು ಅಂತು ಅಂತ ತಿಳಕೋರಿ. ಅದು ನಲವತ್ತೇ ಅಂತ ನಾವು ಹೆಂಗ ನಂಬೋದು?"

"ತೋರಸ್ತೀನ್ರಿ ಸರ್" ಅಂದು ಬಂದೆ. ಐದು ತಿಂಗಳ ಊಟಕ್ಕ ಕೂತಾಗೆಲ್ಲಾ ಆ ಪ್ರಶ್ನಿ ತಾಟಿನ ಮುಂದ ಬಂದು ಕೂಡ್ತಿತ್ತು.

೧. ಮಡಿ ಸಂಡಿಗಿ

ಕಂಪ್ಯೂಟರಿಗೆ ಮೊದಲು ಹೊಲಸು ಅಂದ್ರ ಏನು ಅಂತ ಕಲಸಬೇಕಲ್ಲ? ಅದಕ್ಕ ರಾಯಚೂರಿನ ನಮ್ಮ ಮನಿ ಮಾಳಿಗಿ ಮ್ಯಾಲಿನ ಎರಡು ಪ್ಯಾನೆಲ್ಲಿಗೇ ಮೊದಲ ಕ್ಯಾಮೆರಾ ಕಟ್ಟಿದೆ. ಫೋಟೋ ಸೀದಾ ಲ್ಯಾಬಿಗೆ ಬರ್ತಿದ್ವು. ಅಲ್ಲಿ ಹುಡುಗರು ಕೂತು, ಇದು ಧೂಳು, ಇದು ಎಲಿ, ಇದು ಹತ್ತಿ ಮಿಲ್ಲಿನ ಎಳಿ ಅಂತ ಒಂದೊಂದಕ್ಕೂ ಹೆಸರು ಬರದು ಕಂಪ್ಯೂಟರಿಗೆ ಓದಸ್ತಿದ್ರು.

ಒಂದಿನ ಮಧ್ಯಾಹ್ನ ಹೊಲಸಿನ ಲೆಕ್ಕ ಏಕದಂ ಮ್ಯಾಲ ಹಾರಿತು. ಫೋಟೋ ನೋಡಿದ್ರ ಪ್ಯಾನೆಲ್ ತುಂಬ ಬೆಳ್ಳನ್ನ ಗುಂಡು ಗುಂಡು ಕಲಿ. ಹುಡುಗರು ಹಿಂದ ಮುಂದ ನೋಡದ "ಪಾರಿವಾಳದ ಹಿಕ್ಕಿ" ಅಂತ ಬರದು ಕಂಪ್ಯೂಟರಿಗೆ ಕಲಿಸಿಬಿಟ್ಟಿದ್ರು. ನನಗ ಸಂಶೆ ಬಂತು. ಪಾರಿವಾಳ ಹಿಂಗ ಸಾಲು ಹಿಡದು, ನಡಕ ಎರಡೆರಡು ಬೆರಳು ಜಾಗಾ ಬಿಟ್ಟು ಯಾವಾಗ ಕೂತಾವ?

ಮನಿಗೆ ಓಡಿ ಬಂದು ಮಾಳಿಗಿ ಹತ್ತಿ ನೋಡಿದ್ರ, ನಮ್ಮ ಅತ್ತಿಯವರು ಪ್ಯಾನೆಲ್ ಮ್ಯಾಲ ತಿಳಿ ಪ್ಲಾಸ್ಟಿಕ್ ಹಾಳಿ ಹಾಸಿ ಸಂಡಿಗಿ ಇಟ್ಟಾರ!

"ಅತ್ತಿಯವರ, ಇದೇನ್ರಿ ಇದು?" ಅಂದೆ.

"ನೆಲದ ಮ್ಯಾಲ ಎರಡು ದಿನ ಬೇಕು, ಇಲ್ಲಿ ಒಂದ ದಿನಕ್ಕ ಗರಿಗರಿ ಆಗ್ತಾವ. ಬೆಕ್ಕೂ ಹತ್ತೂದಿಲ್ಲ, ಜಾರ್ತದ" ಅಂದ್ರು. ಅವರ ದನಿಯೊಳಗ ನನ್ನ ಮ್ಯಾಲ ಮೊದಲ ಸಲ ಅಭಿಮಾನ ಇತ್ತು. ಇಷ್ಟು ವರ್ಷದಾಗ ಸೊಸಿ ಒಂದು ಉಪಯೋಗದ ವಸ್ತು ಮನಿಗೆ ತಂದಾಳ ಅನ್ನೋ ಹಂಗ.

ತಗದು ಕೆಳಗ ಇಡೋಣ ಅಂತ ಕೈ ಚಾಚಿದೆ. "ಮುಟ್ಟಬ್ಯಾಡ!" ಅಂತ ಒದರಿದ್ರು. "ಮಡೀಲೆ ಇಟ್ಟೀನಿ. ನೀ ಕಾಲೇಜಿಂದ ಬಂದೀ, ಬಸ್ಸು ಹತ್ತೀ, ಯಾರ್ಯಾರನ್ನೋ ಮುಟ್ಟೀ. ಆರಾಧನಿಗೆ ಬೇಕು ಅವು."

ಪ್ಯಾನೆಲ್ಲು ನಂದು, ಕ್ಯಾಮೆರಾ ನಂದು, ಮುಟ್ಟೋ ಹಕ್ಕು ಮಾತ್ರ ನಂದಲ್ಲ. ಒಂದು ಹಾಳಿ ಒಣಗಿತು ಅಂದ್ರ ಅವರು ಇನ್ನೊಂದು ಹಾಳಿ ಹಾಸ್ತಿದ್ರು. ಮೂರು ದಿನದಾಗ ಸಂಡಿಗಿ ಅಂದ್ರ ಹಿಕ್ಕಿ ಅಂತ ಕಂಪ್ಯೂಟರು ಪೂರಾ ಬಾಯಿಪಾಠ ಮಾಡಿತು.

ನಮ್ಮ ಮನಿಯವರಿಗೆ ಮಾತು ಹೊಟ್ಟಿಯೊಳಗ ನಿಲ್ಲಂಗಿಲ್ಲ. ಊಟಕ್ಕ ಕೂತಾಗ ಅವ್ವನ ಮುಂದ ಹೇಳಿಬಿಟ್ರು. "ಅವ್ವಾ, ನಿನ್ನ ಸಂಡಿಗಿಗೆ ಇಕಿ ಕಂಪ್ಯೂಟರು ಪಾರಿವಾಳದ ಹಿಕ್ಕಿ ಅಂದದಂತ!"

ನಾನು ತಾಟಿನ ಮ್ಯಾಲಿಂದ ತಲಿ ಎತ್ತಲಿಲ್ಲ. ಇನ್ನ ಸಿಡಲು ಬೀಳ್ತದ ಅಂತ ಕಾಯ್ಕೊಂಡು ಕೂತೆ. ಅತ್ತಿಯವರು ಕೈಯಾಗಿನ ತುತ್ತು ನಿಧಾನ ನುಂಗಿ ಅಂದ್ರು, "ಅದರದೇನು ತಪ್ಪಿಲ್ಲ ಬಿಡು. ಹಸೀವು ನೋಡಿದ್ರ ನನಗೂ ಹಂಗ ಕಾಣಸ್ತಾವ. ನಾಕು ಕರದು ತಾಟಿನಾಗ ಹಾಕಿ ಅದರ ಮುಂದ ಇಡು. ತಿಂದ ಮ್ಯಾಲ ಹೇಳಲಿ."

೨. ಚಂದ್ರಬಂಡದ ಫೋಟೋ

ಚಂದ್ರಬಂಡದ ಒಬ್ಬ ರೈತರ ಹೊಲದಾಗ ಪಂಪಿಗೆ ಪ್ಯಾನೆಲ್ ಹಾಕ್ಯಾರ. ಹೊಲದಾಗ ಕ್ಯಾಮೆರಾ ಕಟ್ಟಿದ್ರ ಕಾಯೋರು ಯಾರು? ಅದಕ್ಕ, "ಯಜಮಾನ್ರ, ವಾರಕ್ಕೊಮ್ಮೆ ನಿಮ್ಮ ಮೊಬೈಲಿನಾಗ ಪ್ಯಾನೆಲ್ಲಿನ ಫೋಟೋ ತಗದು ನನಗ ಕಳಸ್ರಿ" ಅಂತ ಹೇಳಿ ಬಂದೆ. "ಆತ್ರಿ ಮೇಡಮ್ಮಾರ, ಅದೇನು ದೊಡ್ಡ ಕೆಲಸ" ಅಂದ್ರು.

ಮೊದಲನೇ ಫೋಟೋ ಬಂತು. ನಡಕ ಯಜಮಾನ್ರು, ಬಾಜು ಅವರ ಹೆಂಡ್ತಿ, ಈ ಕಡೆ ಅಣ್ಣ, ಆ ಕಡೆ ಅಣ್ಣನ ಮಂದಿ, ಒಂದು ಎತ್ತು. ಹಿಂದ ಎತ್ತಿನ ಕೋಡಿನ ಸಂದ್ಯಾಗ ಒಂದು ಅಂಗೈ ಅಷ್ಟು ಪ್ಯಾನೆಲ್ ಕಾಣ್ತಿತ್ತು.

ಫೋನ್ ಹಚ್ಚಿದೆ. "ಯಜಮಾನ್ರ, ಬರೇ ಪ್ಯಾನೆಲ್ಲಿನ ಫೋಟೋ ಬೇಕಿತ್ರಿ."

"ಬರೇ ಪ್ಯಾನೆಲ್ ಕಳಸಿದ್ರ ಯಾರದು ಅಂತ ನಿಮಗ ಹೆಂಗ ತಿಳೀಬೇಕ್ರಿ? ಬಾಜೂ ಹೊಲದಾಂವಂದು ಅಂತ ಬರಕೊಂಡ್ರ?"

ಎರಡನೇ ವಾರ ಮತ್ತ ಫೋಟೋ ಬಂತು. ಈ ಸಲ ಎಲ್ಲಾರೂ ಹೊಸಾ ಬಟ್ಟಿ ಹಾಕ್ಕೊಂಡಿದ್ರು, ಎತ್ತಿಗೂ ಕೋಡಿಗೆ ಬಣ್ಣ ಬಂದಿತ್ತು. ಲ್ಯಾಬಿನಾಗ ಹುಡುಗರು ನಗ್ಯಾಡಿಕೋತ ಅದನ್ನ ಹಂಗ ಕಂಪ್ಯೂಟರಿಗೆ ಹಾಕಿದ್ರು. ಕಂಪ್ಯೂಟರಿಗೆ ಮಂದಿ ಯಾರು, ಎತ್ತು ಯಾವುದು ಅಂತ ಎಲ್ಲಿ ಗೊತ್ತು? ಪ್ಯಾನೆಲ್ಲಿಗೆ ಅಡ್ಡ ಬಂದದ್ದೆಲ್ಲಾ ಅದಕ್ಕ ಹೊಲಸು. "ಹೊಲಸು ನೂರಕ್ಕ ತೊಂಬತ್ತು. ಕೂಡಲೇ ತೊಳೆಯಿರಿ" ಅಂತ ಸೀದಾ ಯಜಮಾನ್ರ ಮೊಬೈಲಿಗೆ ಸಂದೇಶ ಕಳಸಿಬಿಡ್ತು.

ನಾನು ಗಾಬರಿಯಾಗಿ ಮರುದಿನಾನ ಚಂದ್ರಬಂಡಕ್ಕ ಹೋದೆ. ಯಜಮಾನ್ರು ಮುಖಾ ಸಣ್ಣದು ಮಾಡ್ಕೊಂಡು ಕೂತಿದ್ರು. ಏನಾಗೇದ ಅಂತ ಬಿಡಿಸಿ ಹೇಳಿದೆ. "ತಪ್ಪು ತಿಳಕೋಬ್ಯಾಡ್ರಿ, ಅದು ನಿಮ್ಮನ್ನೆಲ್ಲಾ ಹೊಲಸು ಅಂತ ತಿಳಕೊಂಡದ, ಅದಕ್ಕ ಬುದ್ಧಿ ಇಲ್ಲ" ಅಂದೆ.

ಒಳಗಿಂದ ಅವರ ಹೆಂಡ್ತಿ ಚಾ ತಂದು ಕೊಟ್ಟು, "ಬುದ್ಧಿ ಇಲ್ಲ ಅನಬ್ಯಾಡ್ರಿ ಮೇಡಮ್ಮಾರ, ಶಾಣ್ಯಾ ಮಷೀನ್ ಅದ" ಅಂದ್ಲು. "ಇವರು ಜಳಕಾ ಮಾಡಿ ಮೂರು ದಿನ ಆತು. ನಾ ಹೇಳಿದ್ರ ಕೇಳವಲ್ಲರು. ಅದು ಊರಾಗ ಕೂತು ಹೇಳ್ತು ನೋಡ್ರಿ, ಈಗ ಎದ್ದು ಹೊಂಟಾರ."

ಖರೇನ ಯಜಮಾನ್ರು ಟಾವೆಲ್ ಹೆಗಲಿಗೆ ಹಾಕ್ಕೊಂಡು ಬಚ್ಚಲಕ್ಕ ಹೊಂಟಿದ್ರು.

೩. ಮಾನ್ವಿಯ ಕರಿ ಬೂದಿ

ಮಾನ್ವಿಯಾಗ ಒಂದು ಅಕ್ಕಿ ಗಿರಣಿ ಸಾವುಕಾರ್ರು ತಮ್ಮ ಆಫೀಸಿನ ಫ್ಯಾನಿಗೆ, ಲೈಟಿಗೆ ಪ್ಯಾನೆಲ್ ಹಾಕಿಸಿದ್ರು. ನಮ್ಮ ಕ್ಯಾಮೆರಾನೂ ಕಟ್ಟಿಸಿಕೊಂಡ್ರು. ಮೊದಲ ವಾರ ಬಂದ ಲೆಕ್ಕ ನೋಡಿ ನಾನು ಕುರ್ಚಿ ಮ್ಯಾಲ ನೆಟ್ಟಗ ಕೂತೆ. ಹೊಲಸು ಸೊನ್ನಿಕಿಂತ ಕಡಿಮಿ! ಅಂದ್ರ ಹೊಸಾ ಪ್ಯಾನೆಲ್ಲಿಗಿಂತಾನೂ ಸ್ವಚ್ಛ.

ನನಗ ಭಾಳ ಸಂತೋಷ ಆತು. ಗಿರಣಿಯಾಗ ಇದ್ರೂ ಎಂಥಾ ಶಿಸ್ತು ಈ ಮನಿಶ್ಯಾಂದು ಅಂತ ನಾನ ಫೋನ್ ಹಚ್ಚಿದೆ. "ಸಾವುಕಾರ್ರ, ಜಿಲ್ಲಾದಾಗ ನಿಮ್ಮಷ್ಟು ಸ್ವಚ್ಛ ಪ್ಯಾನೆಲ್ ಯಾರವೂ ಇಲ್ರಿ!"

"ಹೌದೇನ್ರಿ?" ಅಂದ್ರು ಸಾವುಕಾರ್ರು. "ಹಂಗಾದ್ರ ಫ್ಯಾನ್ ಯಾಕ ತಿರಗವಲ್ದು?"

"ವೈರ್ ನೋಡ್ಸಿರೇನು?"

"ವೈರ್ ನೋಡ್ಸೀನಿ, ಸ್ವಿಚ್ ನೋಡ್ಸೀನಿ, ಫ್ಯಾನ್ ನೋಡ್ಸೀನಿ. ಪ್ಯಾನೆಲ್ ಒಂದ ನೋಡಿಲ್ಲ. ನೀವ ಸ್ವಚ್ಛ ಅವ ಅಂತ ದಿನಾ ಮೆಸೇಜ್ ಕಳಸ್ತೀರಲ್ಲ!"

ಮರುದಿನ ಮುಂಜಾನೆ ಮಾನ್ವಿ ಬಸ್ಸು ಹತ್ತಿದೆ. ಗಿರಣಿ ಮಾಳಿಗಿಗೆ ಕಬ್ಬಿಣದ ನಿಚ್ಚಣಿಕಿ. ಸೀರಿ ಉಟ್ಕೊಂಡು ನಾ ಹತ್ತಾಕ ಹೋದ್ರ ಕೆಳಗಿದ್ದ ಹಮಾಲರೆಲ್ಲಾ ಮರ್ಯಾದಿಯಿಂದ ಆ ಕಡೆ ಮುಖಾ ಮಾಡಿ ನಿಂತ್ರು. ಹಂಗಾಗಿ ನಾ ಮ್ಯಾಲಿನ ಮೆಟ್ಟಿಲದಾಗ ಕಾಲು ಜಾರಿ ಪ್ಯಾನೆಲ್ಲಿನ ಮ್ಯಾಲ ಬೋರಲ ಬಿದ್ದದ್ದು ಯಾರೂ ನೋಡಲಿಲ್ಲ, ಹಿಡೀಲೂ ಇಲ್ಲ.

ಎದ್ದು ನೋಡ್ಕೊಂಡ್ರ ಎರಡೂ ಕೈ ಕರ್ರಗ. ಭತ್ತದ ಹೊಟ್ಟು ಸುಟ್ಟ ಬೂದಿ! ಗಿರಣಿ ಚಿಮಣಿಯಿಂದ ಹಾರಿ ಬಂದು ಪ್ಯಾನೆಲ್ ತುಂಬ ನುಣ್ಣಗ ಕೂತುಬಿಟ್ಟದ. ರಾಯಚೂರಿನಾಗ ನಾವು ಕಂಪ್ಯೂಟರಿಗೆ ಕಲಿಸಿದ್ದು ಏನು? ಹೊಲಸು ಅಂದ್ರ ಕೆಂಪು, ಹೊಲಸು ಅಂದ್ರ ಬೆಳ್ಳಗ. ಪ್ಯಾನೆಲ್ ಕರೀದು, ಬೂದಿನೂ ಕರೀದು. ಅದು ಪಾಪ, ಎಷ್ಟು ಹೊಲಸಾದ್ರ ಅಷ್ಟು ಸ್ವಚ್ಛ ಅಂತ ತಿಳಕೊಂಡು ಕೂತಿತ್ತು.

ಕೆಳಗ ಇಳದು ಬಂದೆ. ಸಾವುಕಾರ್ರು ಬಾಗಲದಾಗ ನಿಂತಿದ್ರು. ನನ್ನ ಮುಖಾ, ಕೈ, ಸೀರಿ, ಮ್ಯಾಲಿಂದ ಕೆಳಗಿನ ತನಕ ಒಂದು ಸಲ ನೋಡಿದ್ರು. ನಗಲಿಲ್ಲ, ದೊಡ್ಡ ಮನಿಶ್ಯಾ. ಒಳಗ ಹೇಳಿ ನೀರು, ಸಬಕಾರ ತರಿಸಿದ್ರು. ಆಮ್ಯಾಲ ಸಾವಕಾಶ ಅಂದ್ರು, "ಮೇಡಂರೀ, ತೊಳ್ಕೊಳ್ಳೂಕಿಂತ ಮೊದಲು ಒಂದು ಸಲ ಆ ಕ್ಯಾಮೆರಾ ಮುಂದ ನಿಂತು ಬರ್ರಿ. ಜಿಲ್ಲಾದಾಗ ನಿಮ್ಮಷ್ಟು ಸ್ವಚ್ಛ ಯಾರೂ ಇಲ್ಲಂತ ಬರ್ತದ."

೪. ದೇವದುರ್ಗದ ಬೋರ್ಡು

ಸಂಡಿಗಿಗೆ ಹಿಕ್ಕಿ ಅನ್ನೋ, ಬೂದಿಗೆ ಸ್ವಚ್ಛ ಅನ್ನೋ ಈ ಕಂಪ್ಯೂಟರನ್ನ ಕಮಿಟಿ ಹೆಂಗ ನಂಬಬೇಕು? ನನಗ ಉಳಿದಿದ್ದ ಒಂದ ಆಸರ ಅಂದ್ರ ದೇವದುರ್ಗದ ಹಾಸ್ಟೆಲ್ಲು.

ಅಲ್ಲಿ ನಾಕು ಪ್ಯಾನೆಲ್. ಮೂರನ್ನ ವಾರಾ ವಾರಾ ತೊಳೀಬೇಕು. ನಾಕನೇದ್ದನ್ನ ತೊಳೀಬಾರದು. ದೀಪಾವಳಿ ಮುಗದ ಮ್ಯಾಲಿಂದ ಬ್ಯಾಸಗಿ ತನಕ ಅದರ ಮ್ಯಾಲ ಧೂಳು ಹೆಂಗ ಏರಕೋತ ಹೋಗ್ತದ ಅಂತ ಕ್ಯಾಮೆರಾ ನೋಡಬೇಕು. ಇದನ್ನ ಹಾಸ್ಟೆಲ್ಲಿನ ಆಯಾಗ ತಿಳಿಸಿ ಹೇಳಿದೆ. ಆಕಿ ಆ ಹಾಸ್ಟೆಲ್ಲಿನಾಗ ಇಪ್ಪತ್ತು ವರ್ಷದಿಂದ ಕಸಾ ಹೊಡಿಯಾಕಿ. ಆಕಿ ಒರೆಸಿದ ನೆಲದಾಗ ಹಣಿಗಿ ಹಿಡದು ಬೈತಲಾ ತಗೀಬಹುದು. ಅಂಥಾಕಿ ನನ್ನ ಮಾತು ಕೇಳಿ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು.

"ನಾಕು ಮಕ್ಕಳಿದ್ರ ಮೂರಕ್ಕ ಜಳಕಾ ಹಾಕಿ ಒಂದಕ್ಕ ಬಿಡು ಅಂದ್ರ ಹೆಂಗ್ರಿ ಮೇಡಮ್ಮಾರ? ನನ್ನ ಕೈ ತಡೀತಾವೇನು?"

"ಯವ್ವಾ, ಇದು ಹೊಲಸಲ್ಲ, ನನ್ನ ಪಾಲಿಗೆ ಬಂಗಾರ" ಅಂದೆ. "ಇದರಾಗಿಂದ ಒಂದು ಚಿಟಿಕಿ ಕಳೀಬಾರದು. ಕಳದ್ರ ನನ್ನ ಪರೀಕ್ಷಾ ಫೇಲ್. ಪ್ಯಾನೆಲ್ ಬಿಚ್ಚಿಕೊಂಡು ಹೋಗ್ತಾರ, ಪಂಪು ನಿಲ್ತದ, ನಮ್ಮ ಹುಡುಗ್ಯಾರು ಮತ್ತ ಕೊಡ ಹೊರಬೇಕು."

ಹುಡುಗ್ಯಾರ ಮಾತು ಬಂದ ಕೂಡಲೇ ಆಕಿ ಮೆತ್ತಗಾದ್ಲು. ಒಪ್ಪಿಕೊಂಡ್ಲು. ಆದ್ರ ಹಾಸ್ಟೆಲ್ಲಿನ ಹಿಂದಿನ ಓಣಿ ಎತ್ತರದಾಗ ಅದ. ಅಲ್ಲಿ ನಿಂತ್ರ ಮಾಳಿಗಿ ಮ್ಯಾಲಿಂದು ಎಲ್ಲಾ ಕಾಣ್ತದ. ಮೂರು ಮಿರಿಮಿರಿ, ಒಂದು ಮಣ್ಣು. ಹೋಗೋರು ಬರೋರೆಲ್ಲಾ ಆಕಿಗೆ, "ಏನಬೇ, ವಯಸ್ಸಾತೇನು? ನಾಕನೇದ್ದು ಕಣ್ಣಿಗೆ ಬೀಳವಲ್ದಾ?" ಅಂತ ಕೇಳಾಕ ಹತ್ತಿದ್ರು. ಆಕಿ ನನಗ ಫೋನ್ ಹಚ್ಚಿ ಅತ್ತುಬಿಟ್ಲು. ಮರ್ಯಾದಿ ಪ್ರಶ್ನಿ ಅದು, ನನಗೂ ಕೆಟ್ಟನಿಸ್ತು.

ಒಂದು ಬೋರ್ಡ್ ಬರಿಸಿ ಪ್ಯಾನೆಲ್ಲಿನ ಬಾಜು ನಿಲ್ಲಿಸಿದೆ. "ಪ್ರಯೋಗ ನಡೆದಿದೆ. ಈ ಪ್ಯಾನೆಲ್ ತೊಳೆಯಬಾರದು."

ಎರಡು ದಿನಕ್ಕ ಮತ್ತ ಫೋನು. "ಯಾರ ತಪ್ಪಲ್ಲ ಅಂತ ಬರದಿಲ್ಲಲ್ರಿ ಮೇಡಮ್ಮಾರ?"

ಆತು ಅಂತ ದೇವದುರ್ಗದಾಗಿನ ಪೇಂಟರಿಗೆ ಹೇಳಿ ಕೆಳಗ ಇನ್ನೊಂದು ಸಾಲು ಹಾಕಿಸಿದೆ. "ಇದು ಆಯಾನ ತಪ್ಪಲ್ಲ." ಆಯಾ ಬಾಜೂಕ ನಿಂತು "ದೊಡ್ಡದು ಬರಿಯಪ್ಪಾ, ದೊಡ್ಡದು ಬರಿ" ಅಂತ ಪೇಂಟರಿಗೆ ಹೇಳಿದ್ಲಂತ. ಅಂವ ಎಷ್ಟು ದೊಡ್ಡದು ಬರದ ಅಂದ್ರ, ಹಿಂದಿನ ಓಣಿಯಿಂದ ನೋಡಿದ್ರ ಮ್ಯಾಲಿನ ಸಾಲು ಕಾಣ್ತಿರಲಿಲ್ಲ, ಕೆಳಗಿನ ಸಾಲು ಒಂದ ಕಾಣ್ತಿತ್ತು.

ಮುಗೀತು. ಹಾಸ್ಟೆಲ್ಲಿನ ಮಾಳಿಗಿ ಮ್ಯಾಲ ಏನೋ ಆಗೇದ, ಅದು ಆಯಾನ ತಪ್ಪಲ್ಲಂತ ಅಂತ ಊರೆಲ್ಲಾ ಸುದ್ದಿ. ಹುಡುಗ್ಯಾರ ತಂದಿ ತಾಯಿ ಬಸ್ಸು ಹತ್ತಿ ಬಂದು, "ಏನಾಗೇದ್ರಿ? ನಮ್ಮ ಹುಡುಗಿ ಆರಾಮ ಅದಾಳಿಲ್ಲೋ?" ಅಂತ ವಾರ್ಡನ್ನರನ್ನ ಕೇಳಾಕ ಹತ್ತಿದ್ರು. ಕಡೀಕ ಒಬ್ಬ ಪೊಲೀಸಪ್ಪ ಬಂದ. ಆವತ್ತ ನಾನೂ ಅಲ್ಲೇ ಇದ್ದೆ.

"ಆಯಾನ ತಪ್ಪಲ್ಲ, ಸರಿ" ಅಂದ ಪೊಲೀಸಪ್ಪ, ನೋಟ್‌ಬುಕ್ ತಗದು. "ಹಂಗಾದ್ರ ಯಾರ ತಪ್ಪು?"

ಆಯಾ ಒಂದು ಚೂರೂ ತಡಾ ಮಾಡಲಿಲ್ಲ. ಕೈ ನೀಡಿ ನನ್ನ ತೋರಿಸಿ, "ಈ ಮೇಡಮ್ಮಾರದ್ರಿ" ಅಂದ್ಲು.

೫. ಚಾಪುಡಿ ಡಬ್ಬಿ

ಐದು ತಿಂಗಳು ಮುಗದ್ವು. ಕಮಿಟಿ ಬರೋ ದಿನ ಬಂತು. ಹಿಂದಿನ ದಿನ ಮುಂಜಾನೆ ನಾಕನೇ ಪ್ಯಾನೆಲ್ಲಿನ ಲೆಕ್ಕ ಬರೋಬ್ಬರಿ ನಲವತ್ತಕ್ಕ ಬಂದಿತ್ತು. ನೋಡ್ರಿ ನನ್ನ ನಸೀಬ, ಸಾಹೇಬ್ರು ಕೇಳಿದ ನಲವತ್ತ! ಅದು ನಲವತ್ತೇ ಅಂತ ತೋರಸೋದು ಹೆಂಗ ಅಂತ ಮಾತ್ರ ನನಗ ಇನ್ನೂ ಹೊಳದಿರಲಿಲ್ಲ. ಬಾಯಿ ಮಾತಿನಾಗ ಏನಾದ್ರೂ ಹೇಳಿ ಒಪ್ಪಿಸೋಣ ಅಂತ ಮುಂಜಾನೆ ದೇವದುರ್ಗದ ಬಸ್ಸಿನಾಗ ಕೂತೆ.

ಅರ್ಧ ದಾರಿಯಾಗ ಮೊಬೈಲ್ ಕುಂಯ್ ಅಂತು. ನೋಡಿದೆ. "ನಾಕನೇ ಪ್ಯಾನೆಲ್. ಹೊಲಸು ಸೊನ್ನೆ."

ಸಿಟ್ಟು ಬಂತು ನೋಡ್ರಿ, ಎಂಥಾ ಸಿಟ್ಟು! "ಮೂಳಾ! ಇವತ್ತ ಆಗಬೇಕಿತ್ತೇನು ನಿನಗ? ಐದು ತಿಂಗಳ ಸಾಕೀನಿ, ಕಲಿಸೀನಿ, ಕಡೀ ದಿನ ನನ್ನ ಮಣ್ಣು ಮುಕ್ಕಸ್ತೀಯೇನು?" ಅಂತ ಕೈಯಾಗಿನ ಮೊಬೈಲಿಗೆ ಬೈಯಾಕ ಹತ್ತಿದೆ. ಬಾಜು ಕೂತಿದ್ದ ಹೆಣ್ಣುಮಗಳು, "ಅಕ್ಕಾರ, ಬಿಡ್ರಿ, ಗಂಡಸರು ಹಂಗ" ಅಂತ ಸಮಾಧಾನ ಹೇಳಿದ್ಲು.

ಹಾಸ್ಟೆಲ್ಲಿಗೆ ಬಂದು ಸೀದಾ ಮಾಳಿಗಿ ಹತ್ತಿದೆ. ನಾಕನೇ ಪ್ಯಾನೆಲ್ ಬಿಸಲಾಗ ಫಳಫಳ ಹೊಳ್ಯಾಕತ್ತಿತ್ತು. ಕಂಪ್ಯೂಟರಿನ ತಪ್ಪಿರಲಿಲ್ಲ. ಜನ್ಮದಾಗ ಒಮ್ಮೆ ಅದು ಖರೇ ಹೇಳಿತ್ತು, ನಾನು ದಾರಿ ತುಂಬ ಬೈಕೋತ ಬಂದಿದ್ದೆ.

ಆಯಾ ಮೂಲ್ಯಾಗ ತಲಿ ತಗ್ಗಿಸಿ ನಿಂತಿದ್ಲು.

"ಯವ್ವಾ, ಏನ್ ಮಾಡಿದಿಬೇ?" ಅಂದೆ.

"ನಾಳೆ ದೊಡ್ಡವರು ಬರ್ತಾರ, ಒಂದು ಕಡ್ಡಿ ಹೊಲಸು ಕಾಣಬಾರದು ಅಂದ್ರು ನಿನ್ನೆ ವಾರ್ಡನ್ನಾರು. ಬೋರ್ಡ್ ತೋರ್ಸಿದೆ. 'ನಾ ನಿನ್ನ ವಾರ್ಡನ್ನೋ, ಬೋರ್ಡು ನಿನ್ನ ವಾರ್ಡನ್ನೋ' ಅಂದ್ರು. ನಾ ಏನ್ ಮಾಡ್ಲಿರಿ?"

ನಾನು ಅಲ್ಲೇ ಮಾಳಿಗಿ ಮ್ಯಾಲ ಕುಕ್ಕರಿಸಿಬಿಟ್ಟೆ. ಖರೇ ಹೇಳ್ತೀನಿ, ಕಣ್ಣಾಗ ನೀರು ಬಂತು. ಐದು ತಿಂಗಳು. ಕೆಳಗ ಪಂಪಿನ ಸಪ್ಪಳ ಕೇಳಸ್ತಿತ್ತು. ನಾಳಿಯಿಂದ ಅದೂ ಇರಂಗಿಲ್ಲ ಅನಿಸ್ತು.

"ಅಳಬ್ಯಾಡ್ರಿ ಮೇಡಮ್ಮಾರ" ಅಂತ ಆಯಾ ಸೆರಗಿನ ಮರೀಲಿಂದ ಒಂದು ಚಾಪುಡಿ ಡಬ್ಬಿ ತಗದ್ಲು. "ನಿಮ್ಮ ಬಂಗಾರ ಇಲ್ಲೇ ಅದ. ನೀರು ಹಾಕಿಲ್ಲರಿ. ಒಣಾ ಬ್ರಶ್ಶಿಲೆ ಹಗೂರಕ ಉಡುಗಿ ತುಂಬಿಟ್ಟೀನಿ. ಒಂದು ಚಿಟಿಕಿ ಕಳದಿಲ್ಲ. ನೀವ ಹೇಳಿದ್ರಲ್ಲ, ಕಳೀಬಾರದು ಅಂತ?"

ಡಬ್ಬಿ ಮುಚ್ಚಳ ತಗದು ನೋಡಿದೆ. ಐದು ತಿಂಗಳ ಧೂಳು, ಕುಂಕುಮದ ಹಂಗ ನುಣ್ಣಗ ಕೂತಿತ್ತು.

"ಮೊದಲ ಹೆಂಗಿತ್ತೋ ಹಂಗ ಹಾಕಿ ಕೊಡ್ತೀನಿ. ನನಗ ಐದು ನಿಮಿಷ ಕೊಡ್ರಿ" ಅಂತ ಆಕಿ ಅಡಿಗಿ ಮನಿಗೆ ಓಡಿ, ಹಿಟ್ಟು ಸೋಸೋ ಸಾಣಿಗಿ, ಒಂದು ಚಮಚ ತಂದ್ಲು. ಧೂಳು ಅಳದ್ಲು. ಎಂಟು ಚಮಚ ಆತು. ಒಂದು ಚಮಚ ಸಾಣಿಗಿಯಾಗ ಹಾಕೋದು, ಪ್ಯಾನೆಲ್ಲಿನ ಈ ತುದಿಯಿಂದ ಆ ತುದಿ ತನಕ ತಟ್ಟಿಕೋತ ಹೋಗೋದು. ಮುಂಜಾನೆ ಮುಂಜಾನೆ ಬಾಗಲ ಮುಂದ ರಂಗೋಲಿ ಹಾಕಿ ಪಳಗಿದ ಕೈ ನೋಡ್ರಿ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮಿ ಇಲ್ಲ. ನಾನು ಬಾಯಿ ತಕ್ಕೊಂಡು ಡಬ್ಬಿ ಹಿಡಕೊಂಡು ನಿಂತಿದ್ದೆ.

ನಾಕು ಚಮಚ ಆಗಿತ್ತು. ಹಿಂದ ಕೆಮ್ಮಿದ ಸಪ್ಪಳ ಬಂತು. ತಿರುಗಿ ನೋಡಿದ್ರ ಹಿರೇ ಸಾಹೇಬ್ರು! ಜೋಡಿ ಇನ್ನಿಬ್ಬರು. ಅವರ ಹಿಂದ ವಾರ್ಡನ್ನು. ಅವರ ಹಿಂದ ಮೆಟ್ಟಿಲದ ತುಂಬ ಓದೋ ರಜಾದಾಗಿದ್ದ ಹುಡುಗ್ಯಾರು. ಹೇಳಿದ ಟೈಮಿಗಿಂತ ಅರ್ಧಾ ತಾಸು ಮೊದಲ ಬಂದಿದ್ರು.

ಸಾಹೇಬ್ರು ನನ್ನ ನೋಡಿದ್ರು, ಸಾಣಿಗಿ ನೋಡಿದ್ರು, ಆಮ್ಯಾಲ ಬೋರ್ಡ್ ಓದಿದ್ರು. "ಆಯಾನ ತಪ್ಪಲ್ಲ ಅಂತ ಬರದೀರಿ. ಹಂಗಾದ್ರ ಇದು ಯಾರ ತಪ್ಪು?"

ಆಯಾನ ಕೈ ಮ್ಯಾಲ ಎದ್ದಿತು. ಮತ್ತ ನನ್ನ ಕಡೇನ ತೋರಸ್ತಾಳ ಅಂತ ನಾನು ಕಣ್ಣು ಮುಚ್ಚಿದೆ.

"ನನ್ನದ್ರಿ ಸಾಹೇಬ್ರ" ಅಂದ್ಲು. ಕಣ್ಣು ತಗದು ನೋಡಿದ್ರ ಆಕಿ ಕೈ ತನ್ನ ಎದಿ ಮ್ಯಾಲ ಇತ್ತು. "ಈ ಮೇಡಮ್ಮಾರು ಮುಟ್ಟಬ್ಯಾಡ ಅಂತ ಬಡಕೊಂಡಿದ್ರು. ನಾನ ನಿನ್ನೆ ಸಂಜಿಮುಂದ ಪೂರಾ ಹೊಲಸು ತಗದೀನಿ. ಈಗ ವಾಪಸ್ ಹಾಕಾಕತ್ತೀನಿ. ಬೈಯೋದಿದ್ರ ನನಗ ಬೈರಿ. ಪ್ಯಾನೆಲ್ ಮಾತ್ರ ಒಯ್ಯಬ್ಯಾಡ್ರಿ."

ಸಾಹೇಬ್ರು ಪ್ಯಾನೆಲ್ಲಿನ ಹತ್ರ ಬಂದು ಬಗ್ಗಿ ನೋಡಿದ್ರು. "ಒಟ್ಟ ಎಷ್ಟಿತ್ತು?"

"ಎಂಟು ಚಮಚ್ರಿ. ನಾಕು ಹಾಕೀನಿ, ನಾಕು ಅದ."

"ನಿನ್ನೆ ಕಂಪ್ಯೂಟರು ಎಷ್ಟು ಅಂದಿತ್ತು ಮೇಡಂ?"

"ನಲವತ್ತು" ಅಂದೆ.

"ಈಗ ಒಂದು ಫೋಟೋ ಹೊಡೀರಿ."

ಮೊಬೈಲಿನಾಗಿಂದ ಕ್ಯಾಮೆರಾದ ಗುಂಡಿ ಒತ್ತಿದೆ. ಮೊಬೈಲ್ ಕುಂಯ್ ಅಂತು. "ಹೊಲಸು ಇಪ್ಪತ್ತು."

ಸಾಹೇಬ್ರು ಕೋಟು ಬಿಚ್ಚಿ ವಾರ್ಡನ್ನರ ಕೈಯಾಗ ಕೊಟ್ರು. "ಐದನೇ ಚಮಚ ಹಾಕವ್ವಾ" ಅಂದ್ರು. ಹಾಕಿದ್ಲು. ಇಪ್ಪತ್ತೈದು! ಮೆಟ್ಟಿಲದ ಮ್ಯಾಲಿನ ಹುಡುಗ್ಯಾರು ಒಮ್ಮೆಲೇ ಒದರಿದ್ರು. ಆರನೇ ಚಮಚ. ಮೂವತ್ತು! ಏಳನೇ ಚಮಚ. ಮೂವತ್ತೈದು! ಸಾಹೇಬ್ರಿಗೆ ತಡೀಲಾಗಲಿಲ್ಲ, ತಾವ ಪ್ಯಾನೆಲ್ಲಿನ ಮ್ಯಾಲ ಬಗ್ಗಿ ಸಾಣಿಗಿ ಕೆಳಗ ತಲಿ ಇಟ್ಟು ಧೂಳು ಹೆಂಗ ಬೀಳ್ತದ ಅಂತ ನೋಡಾಕ ಹತ್ತಿದ್ರು. ಸಾಹೇಬ್ರ ಪ್ರಶ್ನಿಗೆ ಜವಾಬು ಅಲ್ಲೇ ಚಮಚದಾಗ ಕೂತಿತ್ತು. ಹಾಕಿದಷ್ಟ ಹೇಳ್ತದ, ಹೇಳಿದಷ್ಟ ಅದ. ಐದು ತಿಂಗಳ ನನ್ನ ತಲೀಗೆ ಯಾಕ ಹೊಳೀಲಿಲ್ಲೋ ಏನೋ!

ಎಂಟನೇ ಚಮಚ ಹಾಕಿದ್ಲು. ಎಲ್ಲಾರೂ ಮೊಬೈಲಿನ ಮ್ಯಾಲ ಬಗ್ಗಿದ್ರು. ಕುಂಯ್. ಮೂವತ್ತೆಂಟು.

ಸಾಹೇಬ್ರು ಹುಬ್ಬು ಗಂಟು ಹಾಕಿ, "ನಲವತ್ತಾಗಬೇಕಿತ್ತು. ಎರಡು ಎಲ್ಲಿ ಹೋತು?" ಅಂದ್ರು.

ಎಲ್ಲಾರೂ ಆಯಾನ್ನ ನೋಡಿದ್ರು. ಒಂದು ಚಿಟಿಕಿ ಕಳದಿಲ್ಲ ಅಂತ ಹೇಳಿದಾಕಿ ಆಕಿ. ಮುಖಾ ಕೆಂಪಾತು. ಡಬ್ಬಿ ನೋಡಿದ್ಲು, ಖಾಲಿ. ಸಾಣಿಗಿ ಝಾಡಿಸಿದ್ಲು, ಖಾಲಿ. ತನ್ನ ಸೆರಗು ನೋಡಿಕೊಂಡ್ಲು. ಆಮ್ಯಾಲ ಸಾಹೇಬ್ರನ್ನ ನೋಡಿದ್ಲು.

"ಸಾಹೇಬ್ರ, ಸಿಟ್ಟಿಗೇಳಬ್ಯಾಡ್ರಿ" ಅಂದ್ಲು. "ಆ ಎರಡು ನಿಮ್ಮ ತಲಿ ಮ್ಯಾಲ ಅದಾವ್ರಿ."

ಸಾಹೇಬ್ರು ತಮ್ಮ ಬೋಳ ತಲಿ ಮ್ಯಾಲ ಕೈ ಆಡಿಸಿ ಅಂಗೈ ನೋಡಿಕೊಂಡ್ರು. ಕೆಂಪಗಿತ್ತು. ನಕ್ಕರು ನೋಡ್ರಿ, ಪ್ಯಾನೆಲ್ಲಿನ ಕಬ್ಬಿಣ ಹಿಡಕೊಂಡು ನಕ್ಕರು. ನಾನೂ ನಕ್ಕೆ, ಅತ್ತೆ, ಎರಡೂ ಕೂಡೇ ಮಾಡಿದೆ. ಅಲ್ಲೇ ನಿಂತು ಕಾಗದದ ಮ್ಯಾಲ ಸಹಿ ಹಾಕಿದ್ರು. ಪ್ಯಾನೆಲ್ ಅಲ್ಲೇ ಉಳದ್ವು, ಪಂಪೂ ಉಳೀತು. ಮಾನ್ವಿ ಕಡೆ ಇನ್ನೊಂದು ಹಾಸ್ಟೆಲ್ಲಿಗೂ ಪ್ಯಾನೆಲ್ ಬರ್ತಾವ ಅಂತಾತು. ಅಲ್ಲಿ ಕರಿ ಬೂದಿ ಚಮಚದಿಂದ ಅಳದು ಹಾಕಿ ಕಂಪ್ಯೂಟರಿಗೆ ಕಲಿಸಾಕ ಆಯಾನ್ನ ಕರಕೊಂಡು ಹೋಗಬೇಕು ಅಂತ ಸಾಹೇಬ್ರ ಹುಕುಂ ಆತು.

ಆ ತಿಂಗಳ ಕಡೀಕ ಹಾಸ್ಟೆಲ್ಲಿನಾಗ ಸಣ್ಣದೊಂದು ಸಮಾರಂಭ. ವಾರ್ಡನ್ನಾರು ತಾವ ಮುಂದ ನಿಂತು ಆಯಾಗ ಶಾಲು ಹೊಚ್ಚಿದ್ರು. ಎರಡು ಮಾತು ಹೇಳಬೇ ಅಂತ ಹುಡುಗ್ಯಾರು ಮೈಕು ಕೈಯಾಗ ಕೊಟ್ರು. ಆಕಿ ಮೈಕಿನ ಧೂಳು ಮೊದಲು ಸೆರಗಿಲೆ ಒರಸಿ, "ಇಪ್ಪತ್ತು ವರ್ಷ ಕಸಾ ತಗದೆ, ಯಾರೂ ಏನೂ ಅನಲಿಲ್ಲ. ಒಂದಿನ ಕಸಾ ಹಾಕಿದೆ, ಶಾಲು ಹೊಚ್ಚಿದ್ರಿ. ಇರಲಿ, ನೀರು ಬರಾಕತ್ತಾವ, ಅಷ್ಟ ಸಾಕು" ಅಂತ ಹೇಳಿ ಕೂತ್ಲು.

ಹೋದ ವಾರ ದೇವದುರ್ಗಕ್ಕ ಹೋಗಿದ್ದೆ. ಹಿಂದಿನ ಓಣಿಯಿಂದ ಬರಾಕತ್ತಿದ್ದೆ, ದೂರಿಂದಾನ ಬೋರ್ಡ್ ಕಾಣಿಸ್ತು. "ಇದು ಆಯಾನ ತಪ್ಪಲ್ಲ" ಅನ್ನೋ ಸಾಲು ಅಳಿಸಿದ್ರು. ಆ ಜಾಗಾದಾಗ, ಮೊದಲಿಗಿಂತ ಒಂದು ಗೇಣು ದೊಡ್ಡ ಅಕ್ಷರದಾಗ, ಹೊಸಾ ಬಣ್ಣದಾಗ ಆಯಾ ಬರಸ್ಯಾಳ.

"ಈ ಹೊಲಸು ಆಯಾ ಸ್ವಂತ ಕೈಯಿಂದ ಹಾಕಿದ್ದು."